ಸೀಸೆಯ ಮಲ್ಲಿಗೆ, ಸೀಸೆಯ ಜಾಜಿ

ಬೆಂಗಳೂರಿನ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ದೊಡ್ಡ ಮಳಿಗೆಗಳಲ್ಲಾಗಲಿ, ವಿಜಯನಗರದ ಮಾರುಕಟ್ಟೆಯ ಇಕ್ಕಟ್ಟಾದ ಫ್ಯಾನ್ಸಿ ಅಂಗಡಿಗಳಲ್ಲಾಗಲಿ, ಸೆಂಟು ಕೊಳ್ಳಲು ಬಂದ ಹೆಣ್ಣುಮಗಳು ಹತ್ತಾರು ಸೀಸೆಗಳನ್ನು ನೋಡಿ, ಮೂಸಿ, ಒಂದೊಂದಾಗಿ ಬದಿಗಿರಿಸಿ, ಕಡೆಗೆ ಎರಡನ್ನು ಮಾತ್ರ ಮುಂದಿಟ್ಟುಕೊಂಡು ನಿರ್ಣಯಕ್ಕೆ ಬಾರದೆ ನಿಂತುಬಿಡುವ ಗಳಿಗೆಯೊಂದುಂಟು. ಎರಡೂ ಹೂವಿನ ಪರಿಮಳವೇ. ಒಂದರ ಮೇಲೆ ಮಲ್ಲಿಗೆಯ ಚಿತ್ರ, ಮತ್ತೊಂದರ ಮೇಲೆ ಜಾಜಿಯದು. ಬೆಲೆಯಲ್ಲಿ ಹೆಚ್ಚಿನ ಅಂತರವಿಲ್ಲ. ಅಂಗಡಿಯಾತ ಬೆರಳಗಲದ ಬಿಳಿಯ ಕಾಗದದ ಪಟ್ಟಿಯ ತುದಿಗೆ ಟೆಸ್ಟರಿನಿಂದ ಒಮ್ಮೆ ಚಿಮುಕಿಸಿ, ಅದನ್ನು ಎರಡು ಸಲ ಗಾಳಿಯಲ್ಲಿ ಬೀಸಿ ಕೈಗಿಡುತ್ತಾನೆ, ಆಕೆ ಮೂಸುತ್ತಾಳೆ, ಇನ್ನೊಂದು ಪಟ್ಟಿಯನ್ನು ಮೂಸುತ್ತಾಳೆ, ಮೊದಲಿನದಕ್ಕೆ ಮರಳುವ ವೇಳೆಗೆ, ಅದು ಆಗ ಇದ್ದಂತೆಯೇ ಈಗಲೂ ಇದೆಯೋ ಇಲ್ಲವೋ ಎಂಬ ಸಂದೇಹ ಹುಟ್ಟುತ್ತದೆ. ಜೊತೆಗೆ ಬಂದವರು ಇದನ್ನು ಚಿತ್ತಚಾಂಚಲ್ಯವೆಂದು ಬಗೆದು ಬೇಸರಪಡುವುದುಂಟು. ಆದರೆ ಆಕೆಯ ಸಂದೇಹ ಯಥಾರ್ಥವಾದುದು. ಆ ಕೆಲವು ನಿಮಿಷಗಳಲ್ಲಿ ಪಟ್ಟಿಯ ಮೇಲಣ ದ್ರವವೂ ಬದಲಾಗಿರುತ್ತದೆ, ಅದನ್ನು ಅರಿಯುವ ಮೂಗೂ ಬದಲಾಗಿರುತ್ತದೆ. ಈ ಎರಡು ಬದಲಾವಣೆಗಳ ಸ್ವರೂಪವನ್ನು ತಿಳಿದವರಿಗೆ, ಇಂಥ ಆಯ್ಕೆಯನ್ನು ಅಂಗಡಿಯ ಕಟ್ಟೆಯ ಮುಂದೆ ನಿಂತು ಮಾಡಲಾಗದೆಂಬುದೂ, ಸಾಯಂಕಾಲದವರೆಗೆ ಕಾದಿದ್ದರೆ ಅದು ಬಹುಮಟ್ಟಿಗೆ ತಾನಾಗಿಯೇ ನಿಶ್ಚಯವಾಗುವುದೆಂಬುದೂ ಮನದಟ್ಟಾಗುತ್ತವೆ.

ಮೊದಲು ಹೂವಿನ ವಿಷಯ. ವಿಜಯನಗರದ ಹೂವಿನ ಅಂಗಡಿಯಲ್ಲಿ ಒದ್ದೆಬಟ್ಟೆಯ ಮೇಲೆ ಸುರುಳಿ ಸುತ್ತಿಟ್ಟ ದಂಡೆಗಳು ದೂರದಿಂದ ಕಂಡವರಿಗೆ ಒಂದೇ ಬಿಳುಪಾಗಿ ತೋರುತ್ತವೆ. ಸಮೀಪಿಸಿದರೆ ಉರುಟು ಮೊಗ್ಗಿನ ದುಂಡುಮಲ್ಲಿಗೆ ಬೇರೆ, ಬೆನ್ನಿನಲ್ಲಿ ನಸುಗೆಂಪು ಛಾಯೆಯುಳ್ಳ ನೀಳಮೊಗ್ಗಿನ ಜಾಜಿ ಬೇರೆ, ನೋಟಕ್ಕೆ ಅಂದವಾಗಿದ್ದರೂ ಪರಿಮಳದಲ್ಲಿ ತೀರ ಬಡವಾದ ಕಾಕಡ ಬೇರೆ. ಸಸ್ಯಶಾಸ್ತ್ರಜ್ಞರು ಈ ಮೂರನ್ನೂ ಜಾಸ್ಮಿನಂ ಎಂಬ ಒಂದೇ ಕುಲದಲ್ಲಿ ಇರಿಸಿ, ದುಂಡುಮಲ್ಲಿಗೆಯನ್ನು ಜಾಸ್ಮಿನಂ ಸಂಬಾಕ್ ಎಂದೂ ಜಾಜಿಯನ್ನು ಜಾಸ್ಮಿನಂ ಗ್ರಾಂಡಿಫ್ಲೋರಂ ಎಂದೂ ಕಾಕಡವನ್ನು ಜಾಸ್ಮಿನಂ ಮಲ್ಟಿಫ್ಲೋರಂ ಎಂದೂ ಕರೆದಿರುವರು. ‘ಕಾಕಡ ಬೇಡ, ಮಲ್ಲಿಗೆ ಕೊಡಿ, ಎರಡು ಮೊಳ’ ಎಂದು ಕೇಳುವ ಗೃಹಿಣಿಗೆ ಈ ಲ್ಯಾಟಿನ್ ನಾಮಗಳು ತಿಳಿಯದಿದ್ದರೂ, ಅವುಗಳ ಹಿಂದಿನ ಭೇದ ಚೆನ್ನಾಗಿಯೇ ತಿಳಿದಿದೆ. ಮೈಸೂರು, ಉಡುಪಿ, ಹೂವಿನಹಡಗಲಿ ಎಂಬ ಮೂರು ಊರುಗಳ ಮಲ್ಲಿಗೆಗಳಿಗೆ ಪ್ರತ್ಯೇಕವಾಗಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರುವ ನಾಡು ನಮ್ಮದು. ಸಮೀಪದ ಪರಿಮಳಗಳನ್ನು ವಿಂಗಡಿಸುವ ಅಭ್ಯಾಸ ನಮ್ಮ ಹೆಂಗಸರಿಗೆ ಸೀಸೆಗಳು ಬರುವ ಎಷ್ಟೋ ಮುಂಚಿನಿಂದ ಇದೆಯೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಬೆಳಗಿನ ಜಾವ ಬಿಡಿಸಿದ ದುಂಡುಮಲ್ಲಿಗೆಯ ಮೊಗ್ಗನ್ನು ಮಧ್ಯಾಹ್ನ ಮೂಸಿದರೆ ಹಸಿರುವಾಸನೆಯಲ್ಲದೆ ಹೆಚ್ಚೇನೂ ದೊರೆಯದು. ಅದೇ ಮೊಗ್ಗು ಸಂಜೆ ಬಿರಿಯತೊಡಗಿದಾಗ, ಕೆಂಗೇರಿಯ ಕಡೆಗೆ ಹೊರಟ ಬಸ್ಸಿನಲ್ಲಿ ಮುಂದಿನ ಸಾಲಿನ ಒಂದು ಜಡೆಯಿಂದ ಹೊರಟ ಸೌರಭ ಹಿಂದಿನ ಬಾಗಿಲವರೆಗೂ ವ್ಯಾಪಿಸುತ್ತದೆ. ಮೊಗ್ಗಿನೊಳಗೆ ಸುಗಂಧವು ಮೊದಲೇ ತಯಾರಾಗಿ ಕುಳಿತಿರುವುದಿಲ್ಲ. ದಳಗಳು ಅರಳುವ ಕಾಲಕ್ಕೆ ಅವುಗಳ ಜೀವಕೋಶಗಳು ಅದನ್ನು ಆಗಲೇ ರಚಿಸಿ ಗಾಳಿಗೆ ಬಿಡುತ್ತವೆ, ಮತ್ತು ಗಿಡದಿಂದ ಬೇರ್ಪಟ್ಟ ಮೇಲೂ ಕೆಲವು ಗಂಟೆಗಳ ಕಾಲ ಈ ಕಾರ್ಯವನ್ನು ನಿಲ್ಲಿಸುವುದಿಲ್ಲ. ಆದುದರಿಂದಲೇ ಮಲ್ಲಿಗೆಯ ಸಾರವನ್ನು ಸೀಸೆಗೆ ಇಳಿಸುವುದು ಬಹಳ ಶ್ರಮದ ಕೆಲಸ. ಹಬೆಯ ತಾಪದಲ್ಲಿ ಅದರ ಕೋಮಲ ಘಟಕಗಳು ಬಹುಮಟ್ಟಿಗೆ ಕೆಡುತ್ತವೆ. ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ಹಿಂದೆ ಹೂಗಳನ್ನು ಶುದ್ಧವಾದ ಕೊಬ್ಬಿನ ಮೇಲೆ ಹರಡಿ, ಅವು ಉಸುರಿದುದನ್ನು ಕೊಬ್ಬಿಗೆ ಹೀರಿಸುತ್ತಿದ್ದರು. ಈಗ ತಮಿಳುನಾಡಿನ ಮದುರೈ, ಕೊಯಮತ್ತೂರುಗಳ ಸುತ್ತಲ ಕಾರ್ಖಾನೆಗಳಲ್ಲಿ ಹೆಕ್ಸೇನ್ ಎಂಬ ದ್ರಾವಕದಲ್ಲಿ ಹೂವನ್ನು ತೊಳೆದು, ದ್ರಾವಕ ಆರಿದ ಮೇಲೆ ಉಳಿಯುವ ಮೇಣದಂಥ ವಸ್ತುವನ್ನು ಮದ್ಯಸಾರದಿಂದ ಶೋಧಿಸುತ್ತಾರೆ. ಸಾವಿರ ಕಿಲೋ ಹೂವಿನಿಂದ ದೊರೆಯುವ ಮೇಣ ಕೆಲವೇ ಕಿಲೋ. ಅದರಿಂದ ಲಭಿಸುವ ಶುದ್ಧಸಾರ ಅದರ ಅರ್ಧದಷ್ಟು ಮಾತ್ರ.

ಆ ಸಾರದೊಳಗೆ ನೂರಕ್ಕೂ ಮಿಕ್ಕಿದ ರಾಸಾಯನಿಕಗಳಿರುತ್ತವೆ. ಹೆಚ್ಚಿನವು ಮಲ್ಲಿಗೆಗೂ ಜಾಜಿಗೂ ಸಮಾನ. ಹಣ್ಣಿನ ಮಾಧುರ್ಯವನ್ನು ನೆನಪಿಸುವ ಬೆಂಜೈಲ್ ಅಸಿಟೇಟ್, ತಿಳಿಯಾದ ಹೂಗಂಪಿನ ಲಿನಲೂಲ್, ಇವೆರಡೂ ಎರಡರಲ್ಲೂ ಉಂಟು. ಇಂಡೋಲ್ ಎಂಬುದೂ ಉಂಟು. ಸಾಂದ್ರವಾಗಿದ್ದಾಗ ಇದು ಅಮೇಧ್ಯವನ್ನೂ ನುಸಿಗುಳಿಗೆಯನ್ನೂ ನೆನಪಿಸುವ ದುರ್ಗಂಧ, ಬಹುವಾಗಿ ತೆಳುಪಾದಾಗ ಬಿರಿದ ಮಲ್ಲಿಗೆಯ ಪ್ರಾಣ. ಇದನ್ನು ಪೂರ್ತಿಯಾಗಿ ತೆಗೆದುಬಿಟ್ಟರೆ ಹೂವು ಸಾಬೂನಿನ ಹೂವಾಗಿ ಉಳಿಯುತ್ತದೆ. ಭೇದವೆಲ್ಲ ಪ್ರಮಾಣದಲ್ಲಿಯೂ ಕೆಲವು ವಿಶಿಷ್ಟ ಘಟಕಗಳಲ್ಲಿಯೂ ಅಡಗಿದೆ. ಜಾಜಿಯ ಸಾರದಲ್ಲಿ ಸಿಸ್-ಜಾಸ್ಮೋನ್ ಎದ್ದು ನಿಲ್ಲುವುದರಿಂದ ಅದು ಗಾಢವಾಗಿ, ಬೆಚ್ಚಗೆ, ಒಣಹಣ್ಣಿನ ಛಾಯೆಯಿಂದ ಕೂಡಿರುತ್ತದೆ; ದುಂಡುಮಲ್ಲಿಗೆಯಲ್ಲಿ ಅದು ವಿರಳವಾಗಿ, ಆಲ್ಫಾ-ಫಾರ್ನಸೀನ್ ಎಂಬ ಹಸಿರುಗಂಪಿನ ಘಟಕವೂ, ಕಿತ್ತಳೆಯ ಹೂವಿನಲ್ಲಿಯೂ ದೊರೆಯುವ ಮೀಥೈಲ್ ಆಂಥ್ರಾನಿಲೇಟೂ ಮುಂದೆ ಬರುವುವು. ಹೀಗೆ ಮಲ್ಲಿಗೆ ಹಸಿರಿನ ಕಡೆಗೂ ಜಾಜಿ ಹಣ್ಣಿನ ಕಡೆಗೂ ವಾಲಿವೆಯೆಂದು ಹೇಳಿದರೆ ಸತ್ಯಕ್ಕೆ ಹೆಚ್ಚು ದೂರವಾಗಲಾರದು.

ಆದರೆ ಸೀಸೆಯ ಮೇಲಣ ಚಿತ್ರದಿಂದ ಒಳಗಿನ ಹೂವನ್ನು ಊಹಿಸುವುದು ಕ್ಷೇಮವಲ್ಲ. ಸ್ವಾಭಾವಿಕ ಸಾರ ಅತ್ಯಂತ ದುಬಾರಿಯಾದುದರಿಂದ, ಸಾಧಾರಣ ಬೆಲೆಯ ಸುಗಂಧಗಳಲ್ಲಿ ಅದರ ಅಂಶ ಅತ್ಯಲ್ಪ, ಅಥವಾ ಇಲ್ಲವೇ ಇಲ್ಲ. ಅದರ ಸ್ಥಾನವನ್ನು ಬಹಳಮಟ್ಟಿಗೆ ತುಂಬಿರುವುದು ಹೆಡಿಯೋನ್ ಎಂಬ ಹೆಸರಿನಿಂದ ವ್ಯಾಪಾರದಲ್ಲಿರುವ ಮೀಥೈಲ್ ಡೈಹೈಡ್ರೊಜಾಸ್ಮೊನೇಟ್. ಜಿನೀವಾದ ಫಿರ್ಮೆನಿಶ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಜಾಜಿಯ ಸಾರವನ್ನು ವಿಶ್ಲೇಷಿಸುತ್ತಿದ್ದವರ ಶ್ರಮದಿಂದ ದೊರೆತ ಈ ಪದಾರ್ಥವು 1966ರಲ್ಲಿ ಓ ಸೊವಾಜ್ ಎಂಬ ಪುರುಷರ ಸುಗಂಧದ ಮೂಲಕ ಪ್ರಸಿದ್ಧಿಗೆ ಬಂದು, ಅಲ್ಲಿಂದಾಚೆಗೆ ಸ್ತ್ರೀಯರ ಹೂಗಂಪಿನ ಸೀಸೆಗಳಲ್ಲೆಲ್ಲ ವ್ಯಾಪಿಸಿತು. ಇದರ ಪರಿಮಳ ಮೃದುವಾದುದು, ಪಾರದರ್ಶಕವಾದುದು, ತೆರೆದ ಕಿಟಕಿಯ ಗಾಳಿಯಂತಹುದು. ಬೇರೆಬೇರೆ ಹೆಸರಿನ ಎರಡು ಸೀಸೆಗಳು ಮೊದಲ ಆಘ್ರಾಣಕ್ಕೆ ಅಕ್ಕತಂಗಿಯರಂತೆ ತೋರುವುದಕ್ಕೆ ಬಹುಸಂದರ್ಭಗಳಲ್ಲಿ ಕಾರಣ ಇಷ್ಟೇ: ಎರಡರಲ್ಲಿಯೂ ಈ ಒಂದೇ ದ್ರವ್ಯ ಧಾರಾಳವಾಗಿ ಸೇರಿದೆ.

ಹಾಗಾದರೆ ಅವು ಬೇರೆಯಾಗುವುದು ಎಲ್ಲಿ? ಕಾಲದಲ್ಲಿ. ಮದ್ಯಸಾರ ಕುದಿಯುವುದು 78 ಡಿಗ್ರಿಯಲ್ಲಿ. ಅಂಗಡಿಯಾತ ಪಟ್ಟಿಯನ್ನು ಬೀಸುವುದು ಅದನ್ನು ಹಾರಿಸುವುದಕ್ಕಾಗಿಯೇ. ಲಿನಲೂಲ್ ಸುಮಾರು 198 ಡಿಗ್ರಿಯಲ್ಲಿ, ಬೆಂಜೈಲ್ ಅಸಿಟೇಟ್ 213ರ ಸುಮಾರಿನಲ್ಲಿ, ಇಂಡೋಲ್ 254ರಲ್ಲಿ, ಶ್ರೀಗಂಧದ ಸಾಂಟಲಾಲ್‌ಗಳು 300ರ ಆಸುಪಾಸಿನಲ್ಲಿ, ಬೆಂಜೈಲ್ ಬೆಂಜೋಯೇಟ್ 323ರಲ್ಲಿ ಕುದಿಯುತ್ತವೆ. ನಮ್ಮ ಚರ್ಮದ ಮೇಲೆ ಯಾವುದೂ ಕುದಿಯುವುದಿಲ್ಲ, ನಿಜ. ಆದರೆ ಮೂವತ್ತೆರಡು ಮೂವತ್ತಮೂರು ಡಿಗ್ರಿಯ ಮುಂಗೈಯ ಮೇಲೆ ಅವು ಆವಿಯಾಗುವ ವೇಗ ಸರಿಸುಮಾರಾಗಿ ಇದೇ ಕ್ರಮವನ್ನು ಅನುಸರಿಸುತ್ತದೆ. ಮೊದಲ ಕಾಲುಗಂಟೆಯಲ್ಲಿ ನಿಂಬೆ, ಕಿತ್ತಳೆಗಳ ಗಣದ ಹಗುರ ಅಣುಗಳು ಹೊರಟುಹೋಗುತ್ತವೆ. ಅನಂತರದ ಒಂದೆರಡು ಗಂಟೆ ಹೂವಿನ ಆಳ್ವಿಕೆ. ಅದರ ಮೇಲೆ ಸಂಜೆಯವರೆಗೆ ಉಳಿಯುವುದು ಮರ, ಕಸ್ತೂರಿ, ಅಂಟುಗಳೇ ಮೊದಲಾದ ಭಾರದ್ರವ್ಯಗಳು. ಅಂಗಡಿಯಲ್ಲಿ ಕಳೆದ ಹತ್ತು ನಿಮಿಷಗಳಲ್ಲಿ ನಾವು ಪರೀಕ್ಷಿಸಿದ್ದು ಇಡಿಯ ದಿನದ ಅತ್ಯಂತ ಕ್ಷಣಿಕವಾದ ಭಾಗವನ್ನು. ಇದನ್ನು ನಾನು ಒತ್ತಿ ಹೇಳುವೆನು: ಸಮಾನವಾದ ಎರಡು ಹೂಗಂಪುಗಳಲ್ಲಿ ಆರಿಸತಕ್ಕದ್ದು ಹೂವನ್ನಲ್ಲ, ಹೂವು ಹೋದ ಮೇಲೆ ಉಳಿಯುವುದನ್ನು.

ಉಳಿಯುವ ಈ ಭಾರದ್ರವ್ಯಗಳಲ್ಲಿ ಶ್ರೇಷ್ಠವೆಂದು ಹೆಸರಾದ ಶ್ರೀಗಂಧ ಪಶ್ಚಿಮ ಬೆಂಗಳೂರಿನವರಿಗೆ ನೆರೆಮನೆಯ ವಸ್ತು. ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳು ಮೊದಲ ಮಹಾಯುದ್ಧದ ಪೂರ್ವದಲ್ಲಿ ಜರ್ಮನಿಗೆ ಹೋಗಿ ಅಲ್ಲಿ ತೈಲವಾಗುತ್ತಿದ್ದವು. 1914ರಲ್ಲಿ ಯುದ್ಧವು ಆ ಮಾರ್ಗವನ್ನು ಮುಚ್ಚಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ತೈಲವನ್ನು ಇಲ್ಲಿಯೇ ಬಟ್ಟಿಯಿಳಿಸುವ ಕ್ರಮವನ್ನು ರೂಪಿಸಿಕೊಟ್ಟರು. 1916ರಲ್ಲಿ ಮೈಸೂರಿನಲ್ಲಿ ತೈಲದ ಕಾರ್ಖಾನೆ ಆರಂಭವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಆ ತೈಲವನ್ನು ಸಾಬೂನಿಗೆ ತಂದರು, ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು. ಆ ಸಾಬೂನಿನ ಬೆಂಗಳೂರಿನ ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಸ್ಥಳಾಂತರಗೊಂಡಿತು. 2014ರಲ್ಲಿ ಅದರ ಮುಂದೆ ತೆರೆದ ಮೆಟ್ರೋ ನಿಲ್ದಾಣಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ಹೆಸರೇ ಬಂದಿದೆ. ನಗರದ ನಿಲ್ದಾಣವೊಂದಕ್ಕೆ ಇದಕ್ಕಿಂತ ಸೊಗಸಾದ ಹೆಸರನ್ನು ನಾನು ಊಹಿಸಲಾರೆ. ಉತ್ತರದ ಕನೌಜಿನ ಅತ್ತರುಗಾರರು ಮಲ್ಲಿಗೆಯ ಆವಿಯನ್ನು ನೇರವಾಗಿ ಶ್ರೀಗಂಧದ ಎಣ್ಣೆಯೊಳಕ್ಕೆ ಇಳಿಸುತ್ತ ಬಂದಿರುವುದರ ಮರ್ಮವೂ ಶ್ರೀಗಂಧದ ಸಾಂಟಲಾಲುಗಳು ನಿಧಾನವಾಗಿ ಆವಿಯಾಗುವುದೇ. ಬೇಗ ಹಾರಿಹೋಗುವ ಹೂವಿಗೆ ನಿಧಾನವಾಗಿ ಆರುವ ಎಣ್ಣೆ ಆಸರೆಯಾಗುತ್ತದೆ. ಇಂದಿನ ಸೀಸೆಗಳಲ್ಲಿ ನಿಜವಾದ ಗಂಧದೆಣ್ಣೆ ಅಪರೂಪ. ಸಾಂಡಲೋರ್, ಜಾವನಾಲ್ ಮುಂತಾದ ಕೃತಕ ದ್ರವ್ಯಗಳು ಆ ಸ್ಥಾನದಲ್ಲಿವೆ. ಮನೆಯಲ್ಲಿ ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯ್ದು ಬೆಳೆದ ಮೂಗಿಗೆ ಈ ಅಸಲು ನಕಲುಗಳ ಅಂತರ ಮೂರನೆಯ ಗಂಟೆಯಲ್ಲಿ ಗೋಚರವಾಗುವಷ್ಟು ಸ್ಪಷ್ಟವಾಗಿ ಮೊದಲನೆಯ ನಿಮಿಷದಲ್ಲಿ ಆಗಲಾರದು.

ಸೀಸೆಯ ಮೇಲೆ ಮುದ್ರಿಸಿರುವ ವರ್ಗನಾಮವನ್ನೂ ಒಮ್ಮೆ ಗಮನಿಸಬೇಕು. ಓ ದ ಪರ್ಫ್ಯೂಂ ಎಂಬುದರಲ್ಲಿ ಸುಗಂಧಾಂಶ ಸಾಮಾನ್ಯವಾಗಿ ನೂರಕ್ಕೆ 15ರಿಂದ 20, ಓ ದ ತ್ವಾಲೆಟ್ ಎಂಬುದರಲ್ಲಿ 5ರಿಂದ 15. ಒಂದೇ ಹೆಸರಿನ ಎರಡು ಸೀಸೆಗಳ ನಡುವೆ ಸಂದಿಗ್ಧ ಬಂದಾಗ ಇವು ಒಂದೇ ಸುಗಂಧದ ಗಟ್ಟಿ ಮತ್ತು ತೆಳು ರೂಪಗಳೆಂದು ಭಾವಿಸುವವರಿದ್ದಾರೆ. ಎಲ್ಲ ವೇಳೆಯೂ ಹಾಗಲ್ಲ. 1921ರಲ್ಲಿ ಅರ್ನೆಸ್ಟ್ ಬೋ ರಚಿಸಿದ, ಗ್ರಾಸಿನ ಜಾಜಿಯಿಂದ ಹೆಸರಾದ ಶನೆಲ್ ನಂಬರ್ 5ರ ಓ ದ ಪರ್ಫ್ಯೂಂ ರೂಪವನ್ನು 1986ರಲ್ಲಿ ಜಾಕ್ ಪೋಲ್ಜ್ ಪ್ರತ್ಯೇಕವಾಗಿಯೇ ಸಂಯೋಜಿಸಿದರು.

ಇನ್ನು ಮೂಗು. 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ವಿಜ್ಞಾನಿಗಳು ಘ್ರಾಣಗ್ರಾಹಿಗಳ ಜೀನುಗಳ ದೊಡ್ಡ ಸಮುದಾಯವನ್ನು ಕಂಡುಹಿಡಿದು, ಅದಕ್ಕಾಗಿ 2004ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಮನುಷ್ಯನಲ್ಲಿ ಕಾರ್ಯಕ್ಷಮವಾದ ಇಂಥ ಗ್ರಾಹಿಗಳ ಬಗೆಗಳು ಸುಮಾರು 400. ಒಂದು ಅಣು ಹಲವು ಗ್ರಾಹಿಗಳನ್ನು ಮುಟ್ಟುತ್ತದೆ, ಒಂದು ಗ್ರಾಹಿ ಹಲವು ಅಣುಗಳಿಗೆ ಸ್ಪಂದಿಸುತ್ತದೆ. ಪರಿಮಳವೆಂದು ನಮಗೆ ತೋರುವುದು ಈ ಸ್ಪಂದನಗಳ ಒಟ್ಟು ವಿನ್ಯಾಸ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ನಿಂತರೆ ಸಂಬಂಧಪಟ್ಟ ಗ್ರಾಹಿಗಳೂ ಮಿದುಳೂ ಅದಕ್ಕೆ ಒಗ್ಗಿ ಮೌನವಾಗುತ್ತವೆ. ಸಾಬೂನು ಕಾರ್ಖಾನೆಯ ಸಮೀಪದ ನಿವಾಸಿಗಳಿಗೆ ಗಂಧದ ಗಾಳಿ ಅತಿಥಿಗಳು ಹೇಳಿದ ಮೇಲೆಯೇ ನೆನಪಾಗುವುದು ಈ ಕಾರಣದಿಂದ.

ಈ ಒಗ್ಗುವಿಕೆಯ ಒಂದು ಪರಿಣಾಮ ನಮ್ಮ ಪ್ರಸ್ತುತ ಪ್ರಶ್ನೆಗೆ ಅತ್ಯಂತ ಮುಖ್ಯ. ಮೊದಲ ಸೀಸೆಯನ್ನು ಮೂಸಿದಾಗ ಮೂಗು ಅದರ ಘಟಕಗಳಿಗೆ ಒಗ್ಗುತ್ತದೆ. ಎರಡನೆಯದರಲ್ಲಿಯೂ ಅವೇ ಘಟಕಗಳಿದ್ದರೆ ಅವು ಮಂಕಾಗಿ, ಎರಡನೆಯದರಲ್ಲಿ ಮಾತ್ರ ಇರುವ ಅಥವಾ ಹೆಚ್ಚಾಗಿರುವ ದ್ರವ್ಯಗಳು ಎದ್ದು ತೋರುತ್ತವೆ. ಅಂದರೆ, ಜಾಜಿಯ ನಂತರ ಮೂಸಿದ ಮಲ್ಲಿಗೆಯ ಸೀಸೆ ತನ್ನ ಪೂರ್ಣರೂಪವನ್ನು ತೋರದೆ, ಜಾಜಿಯನ್ನು ಕಳೆದು ಉಳಿದ ತನ್ನ ಶೇಷವನ್ನು ತೋರುತ್ತದೆ. ಕ್ರಮವನ್ನು ಬದಲಿಸಿದರೆ ಅದರ ಪ್ರತಿಯಾದ ಶೇಷ ಕಾಣುತ್ತದೆ. ಅರಿಯದವರಿಗೆ ಇದು ಗೊಂದಲ, ಅರಿತವರಿಗೆ ಉಪಕರಣ. ಮೊದಲನೆಯ ಪಟ್ಟಿಯನ್ನು ಒಂದು ನಿಮಿಷ ಬಿಡದೆ ಮೂಸಿ, ಕೂಡಲೇ ಎರಡನೆಯದಕ್ಕೆ ಹೋಗಿರಿ. ಆಗ ಮುಂದೆ ನಿಲ್ಲುವ ಹಸಿರು, ಹುಳಿ, ಪುಡಿಯಂಥ ಛಾಯೆ, ಮರ, ಇವುಗಳಲ್ಲಿ ಯಾವುದೋ ಅದನ್ನು ಬರೆದಿಟ್ಟುಕೊಳ್ಳಿರಿ. ಕೆಲವು ನಿಮಿಷ ಹೊರಗಿನ ಗಾಳಿಯಲ್ಲಿದ್ದು ವಿಪರೀತಕ್ರಮದಲ್ಲಿ ಹಾಗೆಯೇ ಮಾಡಿರಿ. ಎರಡು ಟಿಪ್ಪಣಿಗಳೂ ಸೇರಿದಾಗ ಸೀಸೆಗಳ ಯಥಾರ್ಥ ಭೇದ ಕೈಯಲ್ಲಿರುತ್ತದೆ. ನಡುವೆ ಮೂಸಲು ಕೆಲವು ಅಂಗಡಿಗಳಲ್ಲಿ ಕಾಫಿಬೀಜದ ಬಟ್ಟಲನ್ನು ಇರಿಸಿರುತ್ತಾರೆ. ಇದನ್ನು ಪರೀಕ್ಷಿಸಿದ ಪ್ರಯೋಗವೊಂದರಲ್ಲಿ ಅದು ಬರಿಯ ಗಾಳಿಗಿಂತ ಹೆಚ್ಚಿನ ಸಹಾಯವನ್ನೇನೂ ಮಾಡಲಿಲ್ಲ. ನಮ್ಮ ಕಾಫಿಯ ಮೇಲಣ ಅಭಿಮಾನಕ್ಕೆ ಇದರಿಂದ ಕುಂದಿಲ್ಲ.

ಭೇದವೇ ಇದೆಯೇ ಎಂಬ ಇನ್ನೂ ಮೂಲಭೂತವಾದ ಸಂದೇಹ ಉಳಿದವರಿಗೆ, 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯಲ್ಲಿ ರೂಪುಗೊಂಡ ತ್ರಿಕೋನ ಪರೀಕ್ಷೆ ಮನೆಯಲ್ಲಿಯೇ ಸಾಧ್ಯ. ಬಸವೇಶ್ವರನಗರದ ಮನೆಯೊಂದರ ಊಟದ ಮೇಜಿನ ಮೇಲೆ ಇದನ್ನು ಮಾಡಿದ ಬಗೆ ಹೀಗೆ: ಮಗಳು ಬೇರೆ ಕೋಣೆಯಲ್ಲಿ ಒಂದೇ ಅಳತೆಯ ಮೂರು ಕಾಗದದ ಪಟ್ಟಿಗಳನ್ನು ಕತ್ತರಿಸಿ, ಎರಡಕ್ಕೆ ಒಂದು ಸೀಸೆಯದನ್ನೂ ಮೂರನೆಯದಕ್ಕೆ ಇನ್ನೊಂದರದನ್ನೂ ಹಾಕಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಗುರುತಿಟ್ಟು ತಂದಳು, ಅದನ್ನು ಕಾಣದ ತಾಯಿ ಮೂರನ್ನೂ ಮೂಸಿ ಒಂಟಿಯಾದುದನ್ನು ಆರಿಸಬೇಕಾಗಿತ್ತು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆಯಾದ್ದರಿಂದ ಒಮ್ಮೆ ಗೆದ್ದರೆ ಏನೂ ಸಿದ್ಧವಾಗದು. ಆರು ಸಲ ಮಾಡಿದಾಗ ಕೇವಲ ಊಹೆಯಿಂದ ಐದು ಅಥವಾ ಆರು ಸರಿಯಾಗುವ ಸಂಭವ 729ರಲ್ಲಿ 13, ಎಂದರೆ ನೂರಕ್ಕೆ ಎರಡಕ್ಕಿಂತ ಕಡಿಮೆ; ನಾಲ್ಕು ಅಥವಾ ಹೆಚ್ಚು ಸರಿಯಾಗುವ ಸಂಭವವಾದರೋ ನೂರಕ್ಕೆ ಹತ್ತು. ಆದುದರಿಂದ ಆರರಲ್ಲಿ ಐದು ಗೆದ್ದವರ ಮೂಗನ್ನು ನಂಬಬಹುದು. ಎರಡೋ ಮೂರೋ ಬಂದರೆ, ಅವರ ಮಟ್ಟಿಗೆ ಎರಡು ಸೀಸೆಗಳೂ ಒಂದೇ ಎಂದು ತಿಳಿದು, ಅಗ್ಗವಾದುದನ್ನು ಕೊಳ್ಳುವುದರಲ್ಲಿ ಯಾವ ನಷ್ಟವೂ ಇಲ್ಲ.

ಅವರ ಮಟ್ಟಿಗೆ ಎಂದೆ; ಏಕೆಂದರೆ ಒಬ್ಬರ ಮೂಗು ಮತ್ತೊಬ್ಬರದಲ್ಲ. ಕೆಂಡಸಂಪಿಗೆಯಲ್ಲಿಯೂ ನೇರಳೆಬಣ್ಣದ ವಯೊಲೆಟ್ ಹೂವಿನಲ್ಲಿಯೂ ಬೀಟಾ-ಅಯೊನೋನ್ ಎಂಬ ದ್ರವ್ಯವಿದೆ. ಹೂಗಂಪಿನ ಸೀಸೆಗಳಲ್ಲಿ ಇದರ ಬಳಕೆ ವಿಪುಲ. ಇದನ್ನು ಗುರುತಿಸುವ ಶಕ್ತಿ ಬಹುಮಟ್ಟಿಗೆ ಓಆರ್5ಎ1 ಎಂಬ ಒಂದೇ ಜೀನಿನ ಸಣ್ಣ ವ್ಯತ್ಯಾಸವನ್ನು ಅವಲಂಬಿಸಿದೆಯೆಂದು ನ್ಯೂಜಿಲೆಂಡಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಆ ಜೀನಿನ ಒಂದು ರೂಪವುಳ್ಳವರಿಗೆ ಅದು ಹೂವಿನ ಕಂಪು. ಇನ್ನೊಂದು ರೂಪದವರಿಗೆ ಅದೇ ದ್ರವ್ಯ ಸಾಕಷ್ಟು ಹೆಚ್ಚಾದಾಗ ಮಾತ್ರ, ಅದೂ ಹುಳಿಯಾಗಿ, ಕಟುವಾಗಿ ತಿಳಿಯುತ್ತದೆ. ಕೃತಕ ಕಸ್ತೂರಿಗಳಲ್ಲಿ ಕೆಲವಂತೂ ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ. ಒಬ್ಬಾಕೆಗೆ ಮಧ್ಯಾಹ್ನಕ್ಕೇ ಮುಗಿದುಹೋಯಿತೆಂದು ಕಂಡ ಸುಗಂಧ ಪಕ್ಕದಾಕೆಗೆ ರಾತ್ರಿಯವರೆಗೂ ಇದೆಯೆಂದು ತೋರಬಹುದು. ಅಕ್ಕನಿಗೆ ಒಪ್ಪಿದ ಸೀಸೆ ತಂಗಿಗೆ ಒಗ್ಗದಿದ್ದರೆ ಅಲ್ಲಿ ವಾದಕ್ಕೆ ಆಸ್ಪದವಿಲ್ಲ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ. ಹಾಗೆಯೇ, ಧರಿಸಿದಾಕೆಯ ಮೂಗು ತನ್ನ ಸುಗಂಧಕ್ಕೆ ಬೇಗ ಒಗ್ಗುವುದರಿಂದ, ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು ಹಾಕಿಕೊಂಡು ಬೆಳಿಗ್ಗೆ ಹೊರಟವಳು, ಸಂಜೆ ಮನೆಗೆ ಬಂದ ಮೇಲೆ ತಾನೂ ಮೂಸಿ, ಮನೆಯಲ್ಲಿಯೇ ಇದ್ದವರೊಬ್ಬರಿಗೂ ಎರಡು ಮುಂಗೈಗಳನ್ನು ಚಾಚತಕ್ಕದ್ದು. ಸೆಂಟನ್ನು ಹಾಕಿಕೊಳ್ಳುವ ಋತುವಿನಲ್ಲಿಯೇ ಈ ಪರೀಕ್ಷೆಯಾಗಬೇಕು. ಡಿಸೆಂಬರಿನ ಚಳಿಯಲ್ಲಿ ನಿಧಾನವಾಗಿ ಬಿಚ್ಚಿಕೊಂಡ ಹೂವು ಏಪ್ರಿಲ್ಲಿನ ಸೆಕೆಯಲ್ಲಿ ಒಂದೇ ಉಸುರಿಗೆ ಖರ್ಚಾಗುತ್ತದೆ.

ವೈಶಾಖದ ಮದುವೆಗಳ ಕಾಲದಲ್ಲಿ ಲೆಕ್ಕ ಇನ್ನೊಂದು ತಿರುವನ್ನು ಪಡೆಯುವುದು. ವಿಜಯನಗರದ ಯಾವುದೇ ಕಲ್ಯಾಣಮಂಟಪಕ್ಕೆ ಹೊರಟ ಹೆಂಗಸರ ಜಡೆಯಲ್ಲಿ ಅಂದು ನಿಜವಾದ ಮಲ್ಲಿಗೆಯ ದಂಡೆ ಇದ್ದೇ ಇರುತ್ತದೆ. ಬಿರಿಯುತ್ತಿರುವ ಆ ಹೂವು ಬೆಂಜೈಲ್ ಅಸಿಟೇಟನ್ನೂ ಲಿನಲೂಲನ್ನೂ ಇಂಡೋಲನ್ನೂ ತಾಸುಗಟ್ಟಲೆ ಸೂಸುತ್ತ, ಮುಡಿದಾಕೆಯ ಮೂಗನ್ನೂ ನೆರೆದವರ ಮೂಗುಗಳನ್ನೂ ಅವುಗಳಿಗೆ ಒಗ್ಗಿಸಿಬಿಡುತ್ತದೆ. ಆಗ ಸೀಸೆಯ ಮಲ್ಲಿಗೆ, ಸೀಸೆಯ ಜಾಜಿ, ಎರಡರ ಹೂವಿನ ಭಾಗವೂ ಮಂಕಾಗಿ, ಅವುಗಳ ತಳದಲ್ಲಿರುವ ಗಂಧ, ಕಸ್ತೂರಿಗಳು ಮಾತ್ರ ಪ್ರತ್ಯೇಕವಾಗಿ ತಿಳಿಯುತ್ತವೆ. ಹೂ ಮುಡಿಯುವ ದಿನಗಳಿಗಾಗಿಯೇ ಸೀಸೆಯನ್ನು ಕೊಳ್ಳುವವರು, ಆದುದರಿಂದ, ಪರೀಕ್ಷೆಯ ದಿನವೂ ಒಂದು ಮೊಳ ದುಂಡುಮಲ್ಲಿಗೆಯನ್ನು ಮುಡಿದುಕೊಂಡೇ ಎರಡು ಮುಂಗೈಗಳನ್ನು ಮೂಸಿ ನೋಡುವುದು ಒಳ್ಳೆಯದು. ಹಸಿಹೂವಿನ ಪಕ್ಕದಲ್ಲಿ ಯಾವ ಸೀಸೆಯ ಮರ ಒರಟಾಗದೆ ನಿಲ್ಲುವುದೋ ಅದು ಅವರಿಗೆ ತಕ್ಕುದು.